ಪ್ರತಿಕೃತಿಯ ಪ್ರಾಮಾಣ್ಯ: ಯವನದೇವತೆಗಳ ರೋಮನ್ ಶಿಲಾಪ್ರತಿಮೆಗಳು

೧

ಕೊಲ್ಲಾಪುರದಲ್ಲಿ ಪಂಚಗಂಗಾ ನದಿಯ ದಡಕ್ಕೆ ಬ್ರಹ್ಮಪುರಿ ಎಂಬ ದಿಬ್ಬವೊಂದುಂಟು. ಕನ್ನಡ ಶಾಸನಗಳ ಸಂಶೋಧನೆಯಿಂದ ಹೆಸರಾದ ಪ್ರೊಫೆಸರ್ ಕೆ. ಜಿ. ಕುಂದಣಗಾರರು ೧೯೪೪-೪೫ರ ಸುಮಾರಿಗೆ ಅಲ್ಲಿ ನಡೆಸಿದ ಅಗೆತದಲ್ಲಿ ಕಂಚಿನ ವಸ್ತುಗಳ ರಾಶಿಯೊಂದು ದೊರೆಯಿತು. ವಿದ್ವಾಂಸರ ಬರಹಗಳಲ್ಲಿ ಇದಕ್ಕೆ ‘ಕುಂದಣಗಾರ ನಿಧಿ’ ಎಂಬ ಹೆಸರೇ ನಿಂತಿದೆ. ಅನಂತರ ೧೯೪೫-೪೬ರಲ್ಲಿ ಹ. ಧೀ. ಸಾಂಕಳಿಯಾ ಮತ್ತು ಮೊ. ಗ. ದೀಕ್ಷಿತ ಇವರು ಅದೇ ದಿಬ್ಬವನ್ನು ಕ್ರಮವಾಗಿ ಅಗೆದು, ೧೯೫೨ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಆ ನಿಧಿಯಲ್ಲಿ ಈ ದೇಶದ ಎರಕದವರು ಮಾಡಿದ, ಸವಾರರನ್ನು ಹೊತ್ತ ಆನೆಯೊಂದಿದೆ. ಅದರೊಡನೆ ರೋಮ್ ಸಾಮ್ರಾಜ್ಯದ ಕಮ್ಮಟಗಳಿಂದ ಬಂದ ಪಾತ್ರೆಗಳಿವೆ. ಇವುಗಳ ನಡುವೆ ಗೇಣುದ್ದಕ್ಕಿಂತ ಕಿರಿದಾದ, ಗಡ್ಡಧಾರಿಯಾದ ನಗ್ನ ದೇವತೆಯೊಬ್ಬನು ನಿಂತಿದ್ದಾನೆ. ಇವನು ಯವನರ ಸಮುದ್ರಾಧಿಪತಿಯಾದ ಪೊಸೈಡನ್. ಕೊಲ್ಲಾಪುರದ ವಸ್ತುಸಂಗ್ರಹಾಲಯಕ್ಕೆ ಸೇರಿದ ಈ ವಿಗ್ರಹವು ಕ್ರಿ. ಪೂ. ನಾಲ್ಕನೆಯ ಶತಮಾನದ ಯವನಶಿಲ್ಪಿ ಲಿಸಿಪ್ಪಸನ ಸಂಪ್ರದಾಯದಿಂದ ಇಳಿದುಬಂದ ಮಾದರಿಯದೆಂದು ಪಂಡಿತರು ಎಣಿಸಿರುವರು. ಎಂದರೆ, ಅದು ಯವನ ಕಲ್ಪನೆಯ ರೋಮನ್ ಪ್ರತಿಕೃತಿ.

ಕನ್ನಡ ನಾಡಿಗೂ ರೋಮಿಗೂ ಇದ್ದ ವ್ಯವಹಾರಕ್ಕೆ ಬೇರೆ ಸಾಕ್ಷ್ಯಗಳೂ ಉಂಟು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿಯ ನಾಣ್ಯಗಳು ದೊರೆತಿವೆ, ೧೯೨೯ರಲ್ಲಿ ಎಂ. ಎಚ್. ಕೃಷ್ಣ ಅವರೂ ೧೯೪೭ರಲ್ಲಿ ಮಾರ್ಟಿಮರ್ ವೀಲರನೂ ಆ ನೆಲೆಯನ್ನು ಅಗೆದು ನೋಡಿದರು. ಬೆಂಗಳೂರಿನ ಯಶವಂತಪುರದಲ್ಲಿ ೧೮೯೧ರಲ್ಲಿ ಆಗಸ್ಟಸ್ ಮೊದಲುಗೊಂಡು ಕ್ಲಾಡಿಯಸನವರೆಗಿನ ಚಕ್ರವರ್ತಿಗಳ ಮುಖಮುದ್ರೆಯುಳ್ಳ ೧೬೩ ಬೆಳ್ಳಿಯ ನಾಣ್ಯಗಳ ರಾಶಿ ಸಿಕ್ಕಿತು. ಅದೇ ನಗರದ ದಕ್ಷಿಣದಲ್ಲಿರುವ ಬನಶಂಕರಿ, ಇಟ್ಟಮಡುಗಳ ಶಾಲೆಗಳಲ್ಲಿ ಓದುವ ವಿದ್ಯಾರ್ಥಿಗೆ ರೋಮ್ ಎಂಬುದು ಬರಿಯ ಪಠ್ಯಪುಸ್ತಕದ ಹೆಸರಾಗಿ ಉಳಿಯಬೇಕಾದ ಕಾರಣವಿಲ್ಲ. ದಖ್ಖನಿನ ಕೆಲವು ನೆಲೆಗಳಲ್ಲಿ ರೋಮನ್ ನಾಣ್ಯಗಳ ಅಚ್ಚನ್ನು ಮಣ್ಣಿನಲ್ಲಿ ಒತ್ತಿ, ಕೊರಳಿಗೆ ಕಟ್ಟಿಕೊಳ್ಳಲು ಬಳೆ ಇಟ್ಟ ಬಿಲ್ಲೆಗಳೂ ದೊರೆತಿವೆ. ಹಣವಾಗಿ ಬಂದುದು ಇಲ್ಲಿ ಆಭರಣವಾಯಿತು. ವಸ್ತುವೊಂದನ್ನು ಇನ್ನೊಂದು ದ್ರವ್ಯದಲ್ಲಿ, ಇನ್ನೊಂದು ಉದ್ದೇಶಕ್ಕಾಗಿ ಮರಳಿ ಮಾಡುವ ಈ ಕ್ರಿಯೆಗೆ ಬೆಲೆ ಕಟ್ಟುವುದು ಹೇಗೆಂಬುದೇ ಈ ಲೇಖನದ ವಿಚಾರ.

ಪ್ರಶ್ನೆಯು ಶಿಲ್ಪಕ್ಕೆ ಮಾತ್ರ ಸೇರಿದುದಲ್ಲ. ಕವಿರಾಜಮಾರ್ಗವು ದಂಡಿಗೆ ಋಣಿ; ಪಂಪನು ವ್ಯಾಸನಿಗೆ ಋಣಿ; ಹೊಸಗನ್ನಡದ ನಾಟಕವು ಸೋಫೋಕ್ಲೀಸ್, ಷೇಕ್ಸ್‌ಪಿಯರ್ ಮೊದಲಾದವರಿಗೆ ಋಣಿ. ಇಂಥ ಕೃತಿಯನ್ನು ವಿಮರ್ಶಿಸುವಾಗ ‘ಇದು ಮೂಲವಲ್ಲ’ ಎಂಬ ಒಂದು ಮಾತಿನಿಂದ ತೀರ್ಪು ಮುಗಿಯಿತೆಂದು ತಿಳಿಯುವುದುಂಟು. ಆ ಮಾತಿಗೆ ಎಷ್ಟು ಬಲವಿದೆಯೆಂಬುದನ್ನು ಪರೀಕ್ಷಿಸಲು ಯವನದೇವತೆಗಳ ರೋಮನ್ ಶಿಲಾಪ್ರತಿಮೆಗಳಿಗಿಂತ ಉತ್ತಮವಾದ ಒರೆಗಲ್ಲು ದೊರೆಯುವುದು ಕಷ್ಟ.

೨

ರೋಮನರು ಕ್ರಿ. ಪೂ. ೨೧೧ರ ವೇಳೆಗೆ ಸಿರಾಕ್ಯೂಸನ್ನೂ ಕ್ರಿ. ಪೂ. ೧೪೬ರಲ್ಲಿ ಕಾರಿಂಥನ್ನೂ ಸೂರೆಮಾಡಿದರು. ಯವನದೇವತೆಗಳ ವಿಗ್ರಹಗಳು ಬಂಡಿಗಳಲ್ಲಿ, ಹಡಗುಗಳಲ್ಲಿ ರೋಮಿಗೆ ಬಂದವು. ಕಂಡವರಿಗೆಲ್ಲ ಅವು ಬೇಕೆನಿಸಿದವು. ಕೊಳ್ಳೆಯ ಮಾಲು ಎಲ್ಲರ ಆಸೆಗೂ ಸಾಲಲಿಲ್ಲ. ಆದುದರಿಂದ ಮಾಡಿಸಿಕೊಳ್ಳುವ ಪದ್ಧತಿ ಬೆಳೆಯಿತು. ಹೆಸರುವಾಸಿಯಾದ ಕಂಚಿನ ವಿಗ್ರಹಕ್ಕೆ ಗಚ್ಚು ಮೆತ್ತಿ ಅಚ್ಚು ತೆಗೆದು, ಆ ಅಚ್ಚಿನಿಂದ ಗಚ್ಚಿನ ಬೊಂಬೆ ಎರೆದು, ಅದರ ಮೇಲೆ ಗುರುತುಗಳನ್ನಿಟ್ಟು ಅಳೆದು, ಅಳತೆಯನ್ನು ಅಮೃತಶಿಲೆಯ ಬಂಡೆಗೆ ಸಾಗಿಸಿ ಕಡೆಯುತ್ತಿದ್ದರು. ಇದು ಬರಿಯ ಊಹೆಯಲ್ಲ. ನೇಪಲ್ಸ್ ಕೊಲ್ಲಿಯ ಬಾಯಿಯೆ ಎಂಬಲ್ಲಿ ೧೯೫೪ರಲ್ಲಿ ಪುರಾತನ ಸ್ನಾನಗೃಹಗಳ ಕಟ್ಟಡದಲ್ಲಿ ಅಂಥ ಗಚ್ಚಿನ ಬೊಂಬೆಗಳ ಚೂರುಗಳ ರಾಶಿಯೇ ಸಿಕ್ಕಿತು. ಯವನ ಮೂಲಗಳ ಮೇಲಿಂದಲೇ ಇಳಿಸಿದ ಅಚ್ಚುಗಳ ತುಣುಕುಗಳು ಅವು.

ಮೂಲಗಳ ಗತಿಯಾದರೋ ಶೋಚನೀಯವಾದುದು. ಕಂಚಿಗೆ ಕರಗಿಸಿದರೂ ಬೆಲೆಯುಂಟು. ಅದೇ ಅದಕ್ಕೆ ಮೃತ್ಯುವಾಯಿತು. ಹಿಂದಿನವರ ದೇವತೆಗಳು ಮುಂದಿನವರಿಗೆ ಪಾತ್ರೆ, ನಾಣ್ಯ, ಆಯುಧಗಳಾಗಿ ಪರಿಣಮಿಸಿದರು. ಉಳಿದುಕೊಂಡವು ಬಹುಮಟ್ಟಿಗೆ ನೆಲದಡಿಯಲ್ಲಿ ಹೂತುಹೋದವು, ಇಲ್ಲವೆ ಹಡಗು ಮುಳುಗಿ ಕಡಲು ಸೇರಿದವು. ೧೯೨೬ರಿಂದ ೧೯೨೮ರವರೆಗೆ ಆರ್ಟೆಮಿಸಿಯನ್ ಭೂಶಿರದ ಬಳಿ ಸಮುದ್ರದಿಂದ ಎತ್ತಿದ, ೨.೦೯ ಮೀಟರ್ ಎತ್ತರದ ಕಂಚಿನ ದೇವತೆಯು ಈ ಎರಡನೆಯ ವರ್ಗದ್ದು. ಅವನು ಸ್ಯೂಸನೋ ಪೊಸೈಡನನೋ ಎಂಬ ವಿವಾದವು ಕೈಯಲ್ಲಿದ್ದ ಆಯುಧ ಕಳೆದುಹೋದುದರಿಂದ ಹುಟ್ಟಿದುದು. ವಜ್ರಾಯುಧವಾದರೆ ಸ್ಯೂಸ್, ತ್ರಿಶೂಲವಾದರೆ ಪೊಸೈಡನ್. ಹೀಗೆ ಬೆರಳೆಣಿಕೆಯ ಕಂಚುಗಳನ್ನು ಬಿಟ್ಟರೆ, ಯವನಶಿಲ್ಪದ ಮಹಾಪುರುಷರೆಂದು ಪ್ಲೀನಿ, ಪೌಸೇನಿಯಸ್ ಮೊದಲಾದವರು ಹೆಸರಿಸುವವರ ಕೃತಿಗಳು ಇಂದಿಗೆ ಕಾಣುವುದು ರೋಮನ್ ಅಮೃತಶಿಲೆಯಲ್ಲಿಯೇ. ಪ್ರಾಕ್ಸಿಟೆಲೀಸನು ಕಡೆದ ಕ್ನಿಡಸಿನ ಅಫ್ರೊಡೈಟಿಯನ್ನು ಕೊಡುವುದಾದರೆ ಆ ಊರಿನ ಸಾಲವನ್ನೆಲ್ಲ ತೀರಿಸುವೆನೆಂದು ನಿಕೊಮೀಡಿಸ್ ಎಂಬ ದೊರೆ ಹೇಳಿಕಳುಹಿಸಿದನಂತೆ; ಊರವರು ಒಪ್ಪಲಿಲ್ಲವೆಂದು ಪ್ಲೀನಿ ಬರೆದಿರುವನು. ಒಂದು ಊರು ಸಾಲದಲ್ಲಿ ಉಳಿದಾದರೂ ಕಾಪಾಡಿಕೊಂಡ ಆ ಪ್ರತಿಮೆ ಇಂದು ಇಲ್ಲ. ಅದರ ಭಂಗಿ ತಿಳಿಯುವುದು ವ್ಯಾಟಿಕನ್ನಿನಲ್ಲಿಯೂ ಇತರೆಡೆಗಳಲ್ಲಿಯೂ ಇರುವ ರೋಮನ್ ಪ್ರತಿಕೃತಿಗಳಿಂದ.

೩

ಪ್ರತಿಕೃತಿಯ ವಿಮರ್ಶೆಗೆ ಮೊದಲ ಸೂತ್ರವು ದ್ರವ್ಯಭೇದದಿಂದ ದೊರೆಯುತ್ತದೆ. ಕಂಚಿನ ವಿಗ್ರಹವು ಒಳಗೆ ಟೊಳ್ಳು. ಲೋಹಕ್ಕೆ ಎಳೆತವನ್ನು ತಾಳುವ ಶಕ್ತಿಯುಂಟು. ಆದುದರಿಂದ ಆರ್ಟೆಮಿಸಿಯನ್ನಿನ ದೇವತೆಯು ಒಂದು ಕಾಲಿನ ಹಿಮ್ಮಡಿಯ ಮೇಲೂ ಮತ್ತೊಂದರ ತುದಿಬೆರಳುಗಳ ಮೇಲೂ ನಿಂತು, ಎರಡು ತೋಳುಗಳನ್ನೂ ಆಕಾಶಕ್ಕೆ ಚಾಚಬಲ್ಲನು. ಅಮೃತಶಿಲೆ ಹಾಗಲ್ಲ. ಅದು ಭಾರವಾದುದು, ಬೇಗ ಬಿರಿಯುವುದು. ನಿಂತ ಮೈಯ ತೂಕವನ್ನೆಲ್ಲ ಎರಡು ಕಣಕಾಲುಗಳ ಮೇಲೆ ಹೊರಿಸಿದರೆ ಕಲ್ಲು ಮುರಿಯುವುದು. ಈ ಕಾರಣದಿಂದ ಪ್ರತಿಕೃತಿಕಾರನು ಕಾಲಿನ ಪಕ್ಕದಲ್ಲಿ ಮರದ ಬೊಡ್ಡೆಯೊಂದನ್ನು ನಿಲ್ಲಿಸುವನು; ತೋಳಿಗೂ ಸೊಂಟಕ್ಕೂ ನಡುವೆ ಕಲ್ಲಿನ ಅಡ್ಡತುಂಡನ್ನು ಉಳಿಸುವನು. ಮೂಲದಲ್ಲಿಲ್ಲದ ಈ ಆಸರೆಗಳನ್ನು ಕಂಡು ಮುಖ ಸಿಂಡರಿಸಿಕೊಳ್ಳುವ ವಿಮರ್ಶಕರು ಬಹಳ ಮಂದಿ. ಆದರೆ ಪ್ರತಿಕೃತಿಕಾರನ ಬುದ್ಧಿಯನ್ನು ಅಳೆಯಬೇಕಾದ ಸ್ಥಳವೇ ಇದು. ಉಳಿದೆಡೆ ಅವನು ಅಳತೆಗೋಲಿಗೆ ಅಧೀನ. ಆಸರೆಯಲ್ಲಿ ಮಾತ್ರ ಸ್ವತಂತ್ರ.

ಮೂರು ನಿದರ್ಶನಗಳನ್ನು ಹೋಲಿಸಬಹುದು. ಫಿಡಿಯಾಸನು ಅಥೆನ್ಸಿನ ಪಾರ್ಥೆನಾನಿಗಾಗಿ ದಂತ ಸುವರ್ಣಗಳಿಂದ ನಿರ್ಮಿಸಿದ, ಕ್ರಿ. ಪೂ. ೪೩೮ರಲ್ಲಿ ಪ್ರತಿಷ್ಠೆಯಾದ ಅಥೀನಾದೇವಿಯು ಸುಮಾರು ೧೨ ಮೀಟರ್ ಎತ್ತರವಿದ್ದಳು. ಅಥೆನ್ಸಿನ ವಾರ್ವಾಕಿಯನ್ ಶಾಲೆಯ ಬಳಿ ೧೮೮೦ರಲ್ಲಿ ದೊರೆತ ಅವಳ ರೋಮನ್ ಪ್ರತಿಕೃತಿಯು ಪೀಠವೂ ಸೇರಿ ಒಂದು ಮೀಟರನ್ನು ಸ್ವಲ್ಪವೇ ಮೀರುವುದು. ವಿಜಯದೇವಿಯನ್ನು ಹೊತ್ತ ಬಲಗೈಯ ಅಡಿಯಲ್ಲಿ ಅಲ್ಲೊಂದು ಕಂಬವಿದೆ. ಇದು ಫಿಡಿಯಾಸನದೇ, ಪ್ರತಿಕೃತಿಕಾರನು ಸೇರಿಸಿದುದೇ ಎಂಬ ಚರ್ಚೆ ಇಂದಿಗೂ ತೀರಿಲ್ಲ. ಯಾರದೇ ಆಗಲಿ, ಕಂಬವು ಕೈಯನ್ನು ಹೊರುವುದಷ್ಟೇ. ದೇವಿಯ ವಿಷಯದಲ್ಲಿ ಅದು ಏನನ್ನೂ ನುಡಿಯದು.

ಎರಡನೆಯದು ವ್ಯಾಟಿಕನ್ನಿನ ಬೆಲ್ವೆಡೆರೆ ಅಪೊಲೊ, ಕ್ರಿ. ಶ. ಎರಡನೆಯ ಶತಮಾನದ ಅಮೃತಶಿಲೆ. ಇದರ ಮೂಲವು ಲಿಯೊಕರೀಸನ ಕಂಚೆಂದು ಕೆಲವರು ಊಹಿಸಿರುವರು. ಬಿಲ್ಲನ್ನು ಹಿಡಿದು ಮುಂದಡಿಯಿಟ್ಟ ದೇವನ ಕಾಲಿನ ಬಳಿ ಇಲ್ಲಿಯೂ ಮರದ ಬೊಡ್ಡೆಯೊಂದಿದೆ. ಆದರೆ ಬೊಡ್ಡೆಯ ಮೇಲೆ ಹಾವೊಂದು ಹರಿಯುತ್ತಿದೆ. ಡೆಲ್ಫಿಯ ಮಹಾಸರ್ಪವನ್ನು ಕೊಂದವನು ಅಪೊಲೊ ಎಂಬ ಕಥೆಯನ್ನು ಬಲ್ಲ ನೋಟಕನಿಗೆ ಆಸರೆಯು ಒಡನೆಯೇ ಅರ್ಥವಾಗಿ ಮಾರ್ಪಡುವುದು. ಕಲ್ಲಿಗೆ ಬೇಕಾದುದು ಕಥೆಗೂ ಬೇಕಾದುದಾಯಿತು.

ಮೂರನೆಯದು ಪ್ರಾಕ್ಸಿಟೆಲೀಸನ ಹಲ್ಲಿಹಂತಕ ಅಪೊಲೊ. ಮೂಲವು ಕಂಚೆಂದು ಪ್ಲೀನಿಯ ಸಾಕ್ಷ್ಯವುಂಟು. ಶಿಲಾಪ್ರತಿಕೃತಿಗಳು ಲೂವ್ರ್‌ನಲ್ಲಿಯೂ ವ್ಯಾಟಿಕನ್ನಿನಲ್ಲಿಯೂ ಇವೆ. ಮರವನ್ನೇರುವ ಹಲ್ಲಿಯನ್ನು ನೋಡುತ್ತ, ಬಾಲಕನಂತಿರುವ ದೇವನು ಮರಕ್ಕೆ ಒರಗಿ ನಿಂತಿದ್ದಾನೆ. ಮರವಿಲ್ಲದೆ ಹಲ್ಲಿಯಿಲ್ಲ, ಹಲ್ಲಿಯಿಲ್ಲದೆ ಕಥೆಯಿಲ್ಲ. ಇಲ್ಲಿ ಆಸರೆಯು ಮೂಲದ ಕಲ್ಪನೆಯಲ್ಲಿಯೇ ಅಡಗಿದೆ. ಕಲ್ಲಿಗಿಳಿಸಿದವನು ಹೊಸದೇನನ್ನೂ ತರಬೇಕಾಗಲಿಲ್ಲ.

ಆದುದರಿಂದ ಆಸರೆಯಲ್ಲಿ ಮೂರು ತರ: ಹೊರುವುದಷ್ಟೇ ಕೆಲಸವಾದುದು, ಹೊರುತ್ತ ಅರ್ಥವನ್ನು ಪಡೆದುದು, ಕಥೆಯಲ್ಲಿಯೇ ಹುಟ್ಟಿದುದು. ಈ ವಿಭಾಗವನ್ನು ಮುಂದೆ ಕಾವ್ಯಕ್ಕೆ ಅನ್ವಯಿಸಲು ಅವಕಾಶವಿದೆ.

೪

ಈ ಪ್ರತಿಮೆಗಳ ವಿಮರ್ಶೆಯ ಚರಿತ್ರೆಯೂ ಬೋಧಪ್ರದವಾದುದು. ೧೭೬೪ರಲ್ಲಿ ಪ್ರಾಚೀನ ಕಲೆಯ ಚರಿತ್ರೆಯನ್ನು ಪ್ರಕಟಿಸಿದ ಜರ್ಮನ್ ಪಂಡಿತ ವಿಂಕೆಲ್‌ಮನ್ನನು ಗ್ರೀಸ್ ದೇಶವನ್ನು ಕಣ್ಣಾರೆ ಕಂಡವನಲ್ಲ. ರೋಮಿನಲ್ಲಿದ್ದ ಬೆಲ್ವೆಡೆರೆ ಅಪೊಲೊವಿನಂಥ ಪ್ರತಿಮೆಗಳನ್ನು ನೋಡಿಯೇ ಅವನು ಯವನಕಲೆಯ ಪರಮಾದರ್ಶವನ್ನು ವರ್ಣಿಸಿದನು. ಆ ಅಪೊಲೊವಿಗೆ ೧೬ನೆಯ ಶತಮಾನದಲ್ಲಿ ಮಾಂಟೊರ್ಸೋಲಿ ಎಂಬ ಇಟಲಿಯ ಶಿಲ್ಪಿ ಕೈಗಳ ಭಾಗವನ್ನು ಹೊಸದಾಗಿ ಸೇರಿಸಿದ್ದನು. ಅಮೃತಶಿಲೆಯ ಬಿಳುಪನ್ನೇ ಯವನರ ಶಾಂತಿಗೆ ಲಕ್ಷಣವೆಂದು ಎರಡು ತಲೆಮಾರಿನವರು ಹೊಗಳಿದರು. ಆದರೆ ಆ ಕಲ್ಲುಗಳಿಗೆ ಬಣ್ಣ ಬಳಿದಿತ್ತೆಂಬುದಕ್ಕೆ ೧೮೬೩ರಲ್ಲಿ ರೋಮಿನ ಬಳಿ ಪ್ರಿಮಾ ಪೋರ್ಟಾದಲ್ಲಿ ದೊರೆತ ಆಗಸ್ಟಸನ ಪ್ರತಿಮೆಯ ಮೇಲೆ ಉಳಿದಿದ್ದ ವರ್ಣಲೇಪವೇ ಸಾಕ್ಷಿ. ಮಳೆ ಮಣ್ಣುಗಳು ತೊಳೆದುದನ್ನು ಶಿಲ್ಪಿಯ ಆದರ್ಶವೆಂದು ಭಾವಿಸಿದಂತಾಯಿತು.

ಅನಂತರ ಬಂದ ಪಂಡಿತರು ಮತ್ತೊಂದು ತುದಿಗೆ ಸರಿದರು. ೧೮೯೩ರಲ್ಲಿ ಫುರ್ಟ್‌ವೆಂಗ್ಲರನು ಪ್ರಕಟಿಸಿದ ಮಹಾಗ್ರಂಥದಿಂದ ಬೆಳೆದ ಪದ್ಧತಿಯು ಒಂದೇ ಮಾದರಿಯ ಹಲವು ಪ್ರತಿಕೃತಿಗಳನ್ನು ಪಕ್ಕಪಕ್ಕದಲ್ಲಿಟ್ಟು, ವ್ಯತ್ಯಾಸಗಳನ್ನು ತಳ್ಳಿ, ಸಾಮಾನ್ಯ ಅಂಶಗಳಿಂದ ಲುಪ್ತವಾದ ಮೂಲವನ್ನು ಕಟ್ಟಲು ಯತ್ನಿಸುವುದು. ಹಲವು ಓಲೆಪ್ರತಿಗಳಿಂದ ಕಾವ್ಯದ ಶುದ್ಧಪಾಠವನ್ನು ನಿರ್ಣಯಿಸುವ ಗ್ರಂಥಸಂಪಾದನೆಗೂ ಇದಕ್ಕೂ ಹೋಲಿಕೆ ಸ್ಪಷ್ಟವಾಗಿದೆ. ಆದರೆ ಒಂದು ಭೇದವನ್ನು ಮರೆಯಲಾಗದು. ಲಿಪಿಕಾರನು ಪಾಠವನ್ನು ಬದಲಿಸಬೇಕೆಂದು ಕುಳಿತವನಲ್ಲ. ಶಿಲ್ಪಿಯಾದರೋ ಕೊಳ್ಳುವವನ ಮನೆ, ಸ್ಥಳ, ರುಚಿಗಳಿಗೆ ತಕ್ಕಂತೆ ಬುದ್ಧಿಪೂರ್ವಕವಾಗಿ ಬದಲಿಸುವನು. ಅವನ ಬದಲಾವಣೆಗಳನ್ನೆಲ್ಲ ‘ಅಪಪಾಠ’ವೆಂದು ತಳ್ಳಿದರೆ ಉಳಿಯುವುದು ಯಾರೂ ಕಡೆಯದ ಒಂದು ಛಾಯೆ. ೧೯೮೪ರಲ್ಲಿ ಬ್ರೂನಿಲ್ಡೆ ರಿಜ್‌ವೇ ಅವರು ‘ರೋಮನ್ ಪ್ರತಿಕೃತಿ’ ಎಂದು ಎಣಿಸಿದ ಅನೇಕ ಪ್ರತಿಮೆಗಳಿಗೆ ಯವನಮೂಲವಿತ್ತೆಂಬುದನ್ನೇ ಪ್ರಶ್ನಿಸಿದ ಮೇಲೆ, ಅವನ್ನು ರೋಮನರ ಸ್ವಂತ ಕೃತಿಗಳೆಂದು ನೋಡುವ ದೃಷ್ಟಿ ಬಲಗೊಂಡಿತು.

ಮೂಲವೆಂಬ ಹೆಸರು ಕಣ್ಣನ್ನು ಹೇಗೆ ಆಳುವುದೆಂಬುದಕ್ಕೆ ಒಲಿಂಪಿಯಾದ ಹರ್ಮೀಸನು ನಿದರ್ಶನ. ೧೮೭೭ರಲ್ಲಿ ಹೀರಾದೇವಿಯ ಗುಡಿಯಲ್ಲಿ, ಪೌಸೇನಿಯಸನು ಹೇಳಿದ ಸ್ಥಳದಲ್ಲಿಯೇ, ಶಿಶು ಡಯೊನೈಸಸನನ್ನು ಎತ್ತಿಕೊಂಡ ಹರ್ಮೀಸನ ಅಮೃತಶಿಲೆಯ ವಿಗ್ರಹವು ದೊರೆಯಿತು. ಪ್ರಾಕ್ಸಿಟೆಲೀಸನ ಕೈಯ ಮೂಲವೇ ಸಿಕ್ಕಿತೆಂದು ಲೋಕವು ಉಬ್ಬಿತು; ಅದರ ನಯ, ಮಾರ್ದವ, ಕಾಂತಿಗಳನ್ನು ಹೊಗಳಿದ ಪುಟಗಳು ಲೆಕ್ಕವಿಲ್ಲ. ಮುಂದಿನ ಶತಮಾನದಲ್ಲಿ ಕಾರ್ಲ್ ಬ್ಲೂಮೆಲನು ಬೆನ್ನಿನ ಕೆಲಸ ಮುಗಿದಿಲ್ಲವೆಂಬುದನ್ನೂ, ಸೊಂಟಕ್ಕೂ ಬೊಡ್ಡೆಗೂ ನಡುವೆ ಇರುವ ಅಡ್ಡತುಂಡನ್ನೂ, ಉಳಿಯ ಗುರುತುಗಳನ್ನೂ ತೋರಿಸಿ, ಇದು ಮೂಲವಲ್ಲವೆಂದು ವಾದಿಸಿದನು. ವಿವಾದವು ಇತ್ಯರ್ಥವಾಗಲಿಲ್ಲ. ಆದರೆ ಸಂಶಯ ಹುಟ್ಟಿದ ಮೇಲೆ ಮೊದಲು ಮಾರ್ದವವೆನಿಸಿದುದು ಕೆಲವರಿಗೆ ಸಪ್ಪೆಯೆನಿಸಿತು. ಕಾಂತಿಯೆನಿಸಿದುದು ಅತಿಯಾದ ಮೆರುಗೆನಿಸಿತು. ಕಲ್ಲಿನಲ್ಲಿ ಒಂದು ಕೂದಲೆಳೆಯೂ ಬದಲಾಗಿರಲಿಲ್ಲ. ಬದಲಾದುದು ಅದರ ವಂಶಾವಳಿ. ವಂಶಾವಳಿಯನ್ನು ಓದಿ ರೂಪಕ್ಕೆ ಬೆಲೆ ಕಟ್ಟುವುದು ವಿಮರ್ಶೆಯೆನಿಸಲಾರದು.

೫

ದ್ರವ್ಯಭೇದದಿಂದ ಬರುವ ಸೂತ್ರಕ್ಕೆ ಸ್ಥಾನಭೇದದಿಂದ ಬರುವ ಎರಡನೆಯ ಸೂತ್ರವನ್ನು ಸೇರಿಸಬೇಕು. ಭಾರತೀಯ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಸಿದ್ಧವಾದ ಹೆಸರುಂಟು: ಔಚಿತ್ಯ. ೧೧ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಇದನ್ನು ಕಾವ್ಯದ ಜೀವಿತವೆಂದನು. ರೋಮಿನ ವಾಗ್ಮಿ ಸಿಸಿರೊ ಆ ಶಾಸ್ತ್ರವನ್ನು ಕೇಳಿದವನಲ್ಲದಿದ್ದರೂ ಅವನ ಪತ್ರಗಳಲ್ಲಿ ಅದೇ ನ್ಯಾಯವು ಕಾಣುವುದು. ತನ್ನ ತೋಟದ ಮನೆಗೆ ವಿಗ್ರಹಗಳನ್ನು ತರಿಸಿಕೊಡಲು ಸ್ನೇಹಿತನೊಬ್ಬನಿಗೆ ಹೇಳಿದ್ದನು. ಅವನು ಮದ್ಯದೇವತೆಯ ಉನ್ಮತ್ತ ಪರಿಚಾರಿಕೆಯರನ್ನೂ ಯುದ್ಧದೇವನಾದ ಮಾರ್ಸನನ್ನೂ ಕೊಂಡನು. ಸಿಸಿರೊ ಆಕ್ಷೇಪಿಸಿದುದು ಕೆತ್ತನೆಯನ್ನಲ್ಲ. ಗ್ರಂಥಾಲಯಕ್ಕೆ ವಾಗ್ದೇವಿಯರು ಒಪ್ಪಿಯಾರು, ಈ ಪರಿಚಾರಿಕೆಯರಿಗೆ ತನ್ನ ಮನೆಯಲ್ಲಿ ಎಡೆಯೆಲ್ಲಿ, ಶಾಂತಿಯನ್ನು ಬೋಧಿಸುವ ತನಗೆ ಮಾರ್ಸನಿಂದ ಆಗಬೇಕಾದುದೇನು ಎಂಬುದು ಅವನ ತಕರಾರಿನ ಸಾರ.

ಇಲ್ಲಿಯೇ ಭಾರತೀಯ ಮೂರ್ತಿಶಿಲ್ಪಕ್ಕೂ ರೋಮನ್ ಶಿಲ್ಪಕ್ಕೂ ಇರುವ ಭೇದವು ಎದ್ದುಕಾಣುವುದು. ಬೇಲೂರಿನಲ್ಲಿಯೂ ಸೋಮನಾಥಪುರದಲ್ಲಿಯೂ ಹೊಯ್ಸಳ ಶಿಲ್ಪಿಗಳು ವೇಣುಗೋಪಾಲನನ್ನು ಮತ್ತೆ ಮತ್ತೆ ಕಡೆದರು. ಒಂದನ್ನು ಇನ್ನೊಂದರ ನಕಲೆಂದು ಯಾರೂ ಹೇಳುವುದಿಲ್ಲ. ಎಲ್ಲವೂ ಒಂದೇ ಧ್ಯಾನಕ್ಕೂ ಒಂದೇ ತಾಳಮಾನಕ್ಕೂ ವಿಧೇಯವಾಗಿ, ದೇವಾಲಯವೆಂಬ ಒಂದೇ ಸ್ಥಾನಕ್ಕೆ ಸಲ್ಲುವಂಥವು. ರೋಮನರ ಸಿರಿವಂತನು ಗುಡಿಯ ದೇವತೆಯನ್ನು ಉದ್ಯಾನಕ್ಕೂ ಸ್ನಾನಗೃಹಕ್ಕೂ ಇಳಿಸಿದನು. ಪೂಜೆ ಹೋಗಿ ಶೋಭೆ ಉಳಿಯಿತು. ಅದರಿಂದ ಹಾನಿಯಾಯಿತೆಂಬ ಮಾತಿನಲ್ಲಿ ಸತ್ಯವುಂಟು; ಎಷ್ಟೋ ಪ್ರತಿಕೃತಿಗಳು ಕಮ್ಮಟದ ಜಡಸರಕು ಎಂಬುದನ್ನೂ ಒಪ್ಪಬೇಕು. ಆದರೆ ಸ್ಥಾನವು ಬದಲಾದಾಗ ಅರ್ಥವನ್ನೂ ಧೈರ್ಯವಾಗಿ ಬದಲಿಸಿದ ಕೃತಿಗಳಿವೆ. ಲಾನುವಿಯಮ್ಮಿನಲ್ಲಿ ೧೮೬೫ರಲ್ಲಿ ದೊರೆತು ವ್ಯಾಟಿಕನ್ನಿಗೆ ಸೇರಿದ ಕ್ಲಾಡಿಯಸ್ ಚಕ್ರವರ್ತಿಯ ಪ್ರತಿಮೆ ಅಂಥದು. ಮೈ ಯವನರ ಸ್ಯೂಸನದು, ಕಾಲಬಳಿ ಹದ್ದು. ಮುಖವಾದರೋ ಐವತ್ತನ್ನು ದಾಟಿದ, ಕೆನ್ನೆ ಬತ್ತಿದ ಮನುಷ್ಯನದು. ಯಶವಂತಪುರದ ಬೆಳ್ಳಿಯ ಮೇಲೆ ಕಿರಿದಾಗಿ ಅಚ್ಚಾದ ದೊರೆಯೇ ಇಲ್ಲಿ ದೇವನಾಗಿ ನಿಂತಿದ್ದಾನೆ.

ಕನ್ನಡದ ಓದುಗನಿಗೆ ಈ ಯೋಜನೆ ಅಪರಿಚಿತವಲ್ಲ. ೯೪೧ರಲ್ಲಿ ಪಂಪನು ವಿಕ್ರಮಾರ್ಜುನವಿಜಯದಲ್ಲಿ ವ್ಯಾಸನ ಅರ್ಜುನನ ಮೈಗೆ ಅರಿಕೇಸರಿಯ ಮುಖವನ್ನಿಟ್ಟನು. ಎರಡರ ಬೆಸುಗೆ ಎಲ್ಲೆಲ್ಲಿ ಕೂಡಿತು, ಎಲ್ಲೆಲ್ಲಿ ಬಿಟ್ಟಿತು ಎಂಬುದನ್ನು ಶೋಧಿಸುತ್ತಲೇ ಪಂಪವಿಮರ್ಶೆ ಬೆಳೆಯಿತು. ವ್ಯಾಸನಲ್ಲಿ ಅರಿಕೇಸರಿಯಿಲ್ಲವೆಂದು ಪಂಪನನ್ನು ತಳ್ಳಿದವರಿಲ್ಲ.

೬

ಇದೇ ನ್ಯಾಯವನ್ನು ಹೊಸಗನ್ನಡಕ್ಕೂ ಸಲ್ಲಿಸಬೇಕು. ಬಿ. ಎಂ. ಶ್ರೀಕಂಠಯ್ಯನವರು ೧೯೨೯ರಲ್ಲಿ ಪ್ರಕಟಿಸಿದ ‘ಅಶ್ವತ್ಥಾಮನ್’ ನಾಟಕವು ಸೋಫೋಕ್ಲೀಸನ ‘ಐಯಾಸ್’ ನಾಟಕದ ರೂಪಾಂತರ. ೧೯೩೫ರ ‘ಪಾರಸಿಕರು’ ಈಸ್ಕಿಲಸನ ನಾಟಕದ ಅನುವಾದ. ಎರಡನೆಯದರಲ್ಲಿ ಕಥೆ, ಸ್ಥಳ, ಪಾತ್ರಗಳು ಯವನರವೇ, ದ್ರವ್ಯವೊಂದೇ ಬದಲಾದುದು. ಮೊದಲನೆಯದರಲ್ಲಿ ದ್ರವ್ಯ ಸ್ಥಾನಗಳೆರಡೂ ಬದಲಾದುವು: ಯವನಭಾಷೆಯು ಹಳಗನ್ನಡದ ನಡೆಗೂ ಛಂದಸ್ಸಿಗೂ ಇಳಿಯಿತು, ಟ್ರಾಯ್ ನಗರದ ದಂಡು ಕುರುಕ್ಷೇತ್ರದ ಪಾಳೆಯವಾಯಿತು. ಕಂಚನ್ನು ಕಲ್ಲಿಗಿಳಿಸುವುದಕ್ಕಿಂತ ಇದು ಸುಲಭವಾದ ಕಾರ್ಯವಲ್ಲ. ಹಾಗಾದರೆ ಆಸರೆಗಳೆಲ್ಲಿ?

ಮುಖ್ಯವಾದ ಆಸರೆಯು ನಾಯಕನ ಆಯ್ಕೆಯಲ್ಲಿದೆ. ಐಯಾಸನು ಅವಮಾನದಿಂದ ಕುದಿದು, ರಾತ್ರಿಯಲ್ಲಿ ತನ್ನ ಕಡೆಯ ನಾಯಕರನ್ನೇ ಕೊಲ್ಲಹೊರಟು, ದೇವಿಯ ಮಾಯೆಯಿಂದ ಮರುಳಾಗಿ ದನಕುರಿಗಳನ್ನು ತರಿದು, ಬೆಳಗಾದಾಗ ನಾಚಿಕೆಯಿಂದ ಬೇಯುವ ವೀರನು. ಮಹಾಭಾರತದಲ್ಲಿ ರಾತ್ರಿಯ ಕೊಲೆಯ ಕಳಂಕವನ್ನು ಹೊತ್ತ ವೀರನು ಸೌಪ್ತಿಕಪರ್ವದ ಅಶ್ವತ್ಥಾಮನೇ. ಈ ಸಾಮ್ಯವನ್ನು ಕವಿಯು ಹೊರಗಿನಿಂದ ತಂದು ನಿಲ್ಲಿಸಬೇಕಾಗಲಿಲ್ಲ. ಹಲ್ಲಿಹಂತಕನ ಮರದಂತೆ ಅದು ಕಥೆಯೊಳಗೇ ಇತ್ತು. ಅದನ್ನು ಕಂಡುಹಿಡಿದುದೇ ಪ್ರತಿಭೆ. ಯವನನಾಟಕದ ಮೇಳವನ್ನು ಉಳಿಸಿಕೊಂಡುದು ಎರಡನೆಯ ಆಸರೆ. ಕನ್ನಡ ರಂಗಭೂಮಿಗೆ ಅದು ಹೊಸದಾದರೂ, ಹಾಡಿನ ಮೇಳಕ್ಕೆ ಒಗ್ಗಿದ ಯಕ್ಷಗಾನದ ನಾಡಿನಲ್ಲಿ ಪೂರ್ತಿಯಾಗಿ ಅನ್ಯವಲ್ಲ. ಬೊಡ್ಡೆಯ ಮೇಲೆ ಹಾವು ಹರಿದಂತೆ ಅದಕ್ಕೆ ದೇಶೀಯವಾದ ಅರ್ಥವೊಂದು ಲಭಿಸುವುದು.

ಮೂರನೆಯ ಸ್ಥಳವು ತೊಡಕಿನದು. ಐಯಾಸನು ಸಾಯಲೇಬೇಕು, ಪುರಾಣದ ಅಶ್ವತ್ಥಾಮನು ಚಿರಂಜೀವಿ. ನಾಟಕದಲ್ಲಿ ಅವನು ಮಡಿಯುವನು. ಇದನ್ನು ಕುರಿತ ಆಕ್ಷೇಪವು ಹಳೆಯದು, ಅದನ್ನು ಬರಿಯ ಸಂಪ್ರದಾಯದ ಮೊಂಡುತನವೆಂದು ತಳ್ಳುವುದು ನ್ಯಾಯವಲ್ಲ. ಸಾವಿಲ್ಲದಿರುವುದೇ ಅಶ್ವತ್ಥಾಮನ ಶಿಕ್ಷೆಯೆಂಬುದು ಭಾರತದ ದರ್ಶನ. ಸಾವಿನಿಂದ ಮಾನವನ್ನು ಮರಳಿ ಪಡೆಯುವುದು ಯವನ ವೀರನ ದರ್ಶನ. ಒಂದರ ಮೈಯನ್ನು ಇನ್ನೊಂದರ ಮೇಲೆ ನಿಲ್ಲಿಸುವಾಗ ಇಲ್ಲಿ ಕಲ್ಲಿನ ಅಡ್ಡತುಂಡು ಬಯಲಾಗಿ ಕಾಣುವುದು. ವಾರ್ವಾಕಿಯನ್ ದೇವಿಯ ಕಂಬದಂತೆ ಅದು ಭಾರವನ್ನು ಹೊರುವುದೇ ಹೊರತು ನುಡಿಯುವುದಿಲ್ಲ. ಆದರೂ ಆ ಒಂದು ಕಂಬಕ್ಕಾಗಿ ಪ್ರತಿಮೆಯನ್ನು ಬಿಸುಡುವುದು ಸಲ್ಲದು. ಕನ್ನಡದಲ್ಲಿ ರುದ್ರನಾಟಕದ ಗಾಂಭೀರ್ಯವು ನಿಲ್ಲಬಲ್ಲುದೆಂದು ತೋರಿಸಿಕೊಟ್ಟ ಕೃತಿ ಅದು, ನಿಂತುದು ನಿಂತಿದೆ.

ಈ ವಿಚಾರದಿಂದ ಫಲಿಸುವುದಿಷ್ಟು. ರೂಪಾಂತರವನ್ನು ಪಾಠ ಹೇಳುವ ಉಪಾಧ್ಯಾಯನು ಮೂಲದಿಂದ ಅದು ಎಷ್ಟು ದೂರ ಸರಿದಿದೆಯೆಂದು ಲೆಕ್ಕ ಹಾಕಿ ತೃಪ್ತನಾಗಬಾರದು. ದ್ರವ್ಯವು ಬದಲಾದುದರಿಂದ ಎಲ್ಲಿ ಭಾರ ಬಿದ್ದಿತು, ಅಲ್ಲಿ ಕವಿಯು ಯಾವ ಆಸರೆಯನ್ನಿಟ್ಟನು, ಆ ಆಸರೆಗೆ ಅರ್ಥ ಬಂದಿತೇ, ಹೊಸ ಸ್ಥಾನಕ್ಕೆ ಕೃತಿಯು ಉಚಿತವಾಯಿತೇ ಎಂಬ ಪ್ರಶ್ನೆಗಳನ್ನು ವಿದ್ಯಾರ್ಥಿಯ ಮುಂದಿಡಬೇಕು. ಮೂಲಗಳು ಕರಗಿಹೋದ ಮೇಲೆ ಯವನದೇವತೆಗಳ ರೂಪವನ್ನು ಲೋಕಕ್ಕೆ ಉಳಿಸಿಕೊಟ್ಟವರು ಹೆಸರಿಲ್ಲದ ಪ್ರತಿಕೃತಿಕಾರರು. ಅವರಲ್ಲೊಬ್ಬನ ಕೈಕೆಲಸವು ಪಂಚಗಂಗೆಯ ದಡದವರೆಗೂ ಬಂದು, ಈ ನಾಡಿನ ಎರಕದವನ ಆನೆಯೊಡನೆ ಒಂದೇ ಮಣ್ಣಿನಲ್ಲಿ ಶತಮಾನಗಳನ್ನು ಕಳೆಯಿತು. ಎರಡಕ್ಕೂ ಬೆಲೆ ಕಟ್ಟಲು ಒಂದೇ ತಕ್ಕಡಿ ಸಾಕು: ಮಾಡಿದವನು ತನ್ನ ದ್ರವ್ಯವನ್ನು ಎಷ್ಟು ಬಲ್ಲವನಾಗಿದ್ದನು ಎಂಬುದು.